ಕೆಟ್ಟದ್ದು ಕಾಯಿಲ್ಲೋ ಜಾಯಿಂಟೋ: ನಿಂತ ಅಂಬಾಸಿಡರ್‌ಗೆ ಸ್ಪಾರ್ಕ್ ತರಿಸಿದ ಬಗೆ

ಕಾರವಾರದ ಉಪ್ಪುಗಾಳಿಯಲ್ಲಿ ಕೆಲವು ಮಳೆಗಾಲ ನಿಂತ 1489 ಸಿಸಿ ಪೆಟ್ರೋಲ್ ಅಂಬಾಸಿಡರ್ ಸೆಲ್ಫ್ ತಿರುಗಿಯೂ ಹತ್ತದಿದ್ದರೆ, ಹೊಸ ಕಾಯಿಲ್ (ಬ್ಯಾಟರಿಯ ವೋಲ್ಟೇಜನ್ನು ಸ್ಪಾರ್ಕ್ ಹಾರುವಷ್ಟು ಏರಿಸುವ ಸುರುಳಿ) ತರಲು ಓಡುವವರೇ ಹೆಚ್ಚು. ನಾನು ಮೊದಲು ಮೀಟರ್ ಹಿಡಿಯುತ್ತೇನೆ. ಕಾಯಿಲ್‌ಗಿಂತ ಮುಂಚೆ ಕಿಲುಬು ಹಿಡಿಯುವುದು ಅದಕ್ಕೆ ಕರೆಂಟ್ ತರುವ ಜಾಯಿಂಟುಗಳು.

ಬ್ಯಾಟರಿ 12.6 ವೋಲ್ಟ್ ಇರಬೇಕು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಎಂಜಿನ್‌ನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿಯನ್ನು ಬಿಚ್ಚಿ, ಲೋಹ ಹೊಳೆಯುವಷ್ಟು ಉಜ್ಜಿ ಮತ್ತೆ ಬಿಗಿಯುತ್ತೇನೆ.

ಮೋಸ ಹೋಗುವುದು ಮುಂದಿನ ಅಳತೆಯಲ್ಲಿ. ಇಗ್ನಿಷನ್ ಆನ್ ಮಾಡಿದಾಗ ಕಾಯಿಲ್‌ನ ಬಿಳಿ ವೈರ್ ಟರ್ಮಿನಲ್‌ನಲ್ಲಿ 12 ವೋಲ್ಟ್ ಕಂಡರೆ ಸಾಲದು. ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಸ್ಪಾರ್ಕ್ ಹಂಚುವ ಡಬ್ಬಿ) ಒಳಗೆ ಕಾಯಿಲ್‌ನ ಕರೆಂಟ್ ಕಡಿದು ಜೋಡಿಸುವ ಸ್ವಿಚ್ಚೇ ಪಾಯಿಂಟ್. ಅದು ತೆರೆದಿದ್ದರೆ ಕರೆಂಟೇ ಹರಿಯುವುದಿಲ್ಲ, ಕೊಳೆತ ಜಾಯಿಂಟ್ ಕೂಡ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಎಂಜಿನ್ ಕೈಯಲ್ಲಿ ತಿರುಗಿಸಿ ಪಾಯಿಂಟ್ ಮುಚ್ಚಿಸಿ ಅಳೆಯಬೇಕು. ಬ್ಯಾಟರಿಗಿಂತ ಅರ್ಧ ವೋಲ್ಟ್‌ಗೂ ಹೆಚ್ಚು ಇಳಿದರೆ ಇಗ್ನಿಷನ್ ಸ್ವಿಚ್, ಫ್ಯೂಸ್ ಬಾಕ್ಸ್ ಟರ್ಮಿನಲ್ ನೋಡಿ. ಶೆಡ್‌ನಲ್ಲಿ ಇಲಿ ಇದ್ದರೆ ವೈರನ್ನೂ ನೋಡಿ. ಮುಚ್ಚಿದ ಪಾಯಿಂಟಿನಲ್ಲಿ ಇಗ್ನಿಷನ್ ಬಹಳ ಹೊತ್ತು ಆನ್ ಇಡಬೇಡಿ, ಕಾಯಿಲ್ ಬಿಸಿಯಾಗುತ್ತದೆ.

ನಂತರ ಕಾಯಿಲ್‌ನ ಮತ್ತೊಂದು ಬದಿ, ಅಂದರೆ ಡಿಸ್ಟ್ರಿಬ್ಯೂಟರ್‌ಗೆ ಹೋಗುವ ಟರ್ಮಿನಲ್. ಪಾಯಿಂಟ್ ಮುಚ್ಚಿದಾಗ ಅಲ್ಲಿ 0.2 ವೋಲ್ಟ್ ಆಸುಪಾಸು, ತೆರೆದಾಗ 12 ವೋಲ್ಟ್ ಬರಬೇಕು. ಮುಚ್ಚಿದರೂ 12 ಇದ್ದರೆ ಪಾಯಿಂಟ್ ಮೇಲೆ ಆಕ್ಸೈಡ್ ಪೊರೆ ಕೂತಿದೆ, ಇಲ್ಲವೇ ಡಿಸ್ಟ್ರಿಬ್ಯೂಟರ್ ಒಳಗಿನ ಸಣ್ಣ ವೈರ್ ಹೊದಿಕೆಯೊಳಗೇ ತುಂಡಾಗಿದೆ. ಹೊರಗಿಂದ ಅದು ಸರಿಯಾಗೇ ಕಾಣುತ್ತದೆ! ತೆರೆದರೂ ಸೊನ್ನೆ ಬಿಟ್ಟು ಏಳದಿದ್ದರೆ ಕಂಡೆನ್ಸರ್ (ಪಾಯಿಂಟ್ ತೆರೆದಾಗ ಅಲ್ಲಿ ಕಿಡಿ ಹಾರದಂತೆ ತಡೆಯುವ ಸಣ್ಣ ಭಾಗ) ಶಾರ್ಟ್, ಅಥವಾ ಟರ್ಮಿನಲ್‌ನ ಇನ್ಸುಲೇಟರ್ ವಾಷರ್ ಮಾಯ.

ಪಾಯಿಂಟನ್ನು 400 ನಂಬರ್ ಎಮರಿಯಿಂದ ಹಗುರಾಗಿ ಉಜ್ಜಿ, ಪುಡಿ ಉಳಿಯದಂತೆ ಒಣ ಬಟ್ಟೆಯಿಂದ ಒರೆಸಿ. ಹೊಸ ಪಾಯಿಂಟಿಗೂ ತುಕ್ಕು ತಡೆಯುವ ಎಣ್ಣೆ ಹಚ್ಚಿರುತ್ತಾರೆ, ಅದನ್ನೂ ಒರೆಸಬೇಕು. ಪಾಯಿಂಟನ್ನು ತೆರೆಯಿಸುವ ಕ್ಯಾಮ್‌ನ ತುದಿಯಲ್ಲಿ ಗ್ಯಾಪ್ 0.015 ಇಂಚು, ಅಂದರೆ ಸುಮಾರು 0.38 ಮಿಮೀ.

ಈಗ ಕಾಯಿಲ್‌ನ ನಡುವಿನಿಂದ ಡಿಸ್ಟ್ರಿಬ್ಯೂಟರ್‌ಗೆ ಹೋಗುವ ದಪ್ಪ ಲೀಡ್‌ನ ತುದಿಯನ್ನು ಎಂಜಿನ್ ಲೋಹದಿಂದ 6 ಮಿಮೀ ದೂರ, ಕಾರ್ಬ್ಯುರೇಟರ್‌ನಿಂದ ಆಚೆ ಹಿಡಿದು ಸೆಲ್ಫ್ ಹೊಡೆಯಿರಿ. ಹಿಡಿಯಲು ಇನ್ಸುಲೇಟೆಡ್ ಇಕ್ಕಳ ಬೇಕು. ಚಟಚಟ ನೀಲಿ ಸ್ಪಾರ್ಕ್ ಬಂದರೆ ಕಾಯಿಲ್ ಬದುಕಿದೆ. ಹಳದಿಯಾಗಿ ಸೊರಗಿದ್ದರೆ ಕಂಡೆನ್ಸರ್ ಬದಲಿಸುತ್ತೇನೆ. ಆಗಲೂ ಸುಧಾರಿಸದಿದ್ದರೆ ಮಾತ್ರ ಕಾಯಿಲ್: ಇಗ್ನಿಷನ್ ಆಫ್ ಮಾಡಿ, ಎರಡೂ ವೈರ್ ಬಿಚ್ಚಿ ಅಳೆದಾಗ ಪ್ರೈಮರಿ (ಆ ಎರಡು ಟರ್ಮಿನಲ್‌ಗಳ ನಡುವಿನ ಸುತ್ತು) 3 ಓಮ್ ಸುತ್ತಮುತ್ತ ಇರಬೇಕು.

ಲೀಡ್‌ನಲ್ಲಿ ಸ್ಪಾರ್ಕ್ ಇದ್ದು ಪ್ಲಗ್‌ನಲ್ಲಿ ಇಲ್ಲದಿದ್ದರೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ನಡುವಿನ ಕಾರ್ಬನ್ ಬ್ರಷ್ ಸ್ಪ್ರಿಂಗ್ ಮೇಲೆ ಆಡುತ್ತದೆಯೇ, ಒಳಗೆ ಕೂದಲೆಳೆಯ ಕಪ್ಪು ಗೆರೆ ಇದೆಯೇ ನೋಡಿ. ಗೆರೆ ಇದ್ದರೆ ಒರೆಸಿ ಪ್ರಯೋಜನವಿಲ್ಲ, ಕ್ಯಾಪ್ ಬದಲಿಸಬೇಕು. ಸಿಲಿಂಡರ್‌ಗಳ ಲೀಡ್ ಜೋಡಿಸುವ ಕ್ರಮ 1-3-4-2, ಕ್ಯಾಪ್ ಒಳಗೆ ಸ್ಪಾರ್ಕ್ ಹಂಚುವ ರೋಟರ್ ತಿರುಗುವುದು ಅಪ್ರದಕ್ಷಿಣವಾಗಿ.