ಹೂಮಳೆ ಬಿದ್ಮೇಲೆ ಮಾಡೋಕೆ: ಒಂದು ಸೈಕಲ್ ಸವಾರಿ, ಒಂದು ಜೇನು ಕೇಕು, ಸ್ವಲ್ಪ ಕಾಫಿ ಕಟ್ಟಿಗೆ ಕೆಲಸ

ಕಾಫಿ ಕೊಯ್ದಾಯ್ತು, ಕಣ ಖಾಲಿ, ಮೆಣಸು ಅಲ್ಲಲ್ಲಿ ಬಾಕಿ ಇರ್ಬಹುದು ಅಷ್ಟೇ. ಇಲ್ಲಿಂದ ಜೂನ್ ಮಳೆ ಹಿಡಿಯೋವರೆಗೆ ಕೊಡಗಲ್ಲಿ ರಸ್ತೆನೂ ಒಣಗಿರುತ್ತೆ, ಕಟ್ಟಿಗೆನೂ ಒಣಗುತ್ತೆ, ಕೈಯಲ್ಲಿ ಸ್ವಲ್ಪ ಟೈಮೂ ಇರುತ್ತೆ, ಮೂರೂ ಒಟ್ಟಿಗೆ ಸಿಗೋದು ವರ್ಷಕ್ಕೆ ಇದೊಂದೇ ಸಲ. ಅದಕ್ಕೇ ಏನಾದ್ರೂ ಮಾಡೋದಿದ್ರೆ ಈಗ್ಲೇ ಮಾಡಿ.

ಮೊದ್ಲು ಸೈಕಲ್, ಯಾಕಂದ್ರೆ ಅದಕ್ಕೆ ಮುಹೂರ್ತ ಇದೆ. ಹೂಮಳೆ, ಅಂದ್ರೆ ಕಾಫಿ ಹೂ ಅರಳಿಸೋ ಬೇಸಿಗೆ ಮಳೆ, ಒಂದಿಂಚು ಬಿತ್ತು ಅಂತ ಯಾರಾದ್ರೂ ಹೇಳಿದ ದಿನದಿಂದ ಎಣಿಸಿ (ಇಲ್ಲಿ ಎಲ್ರೂ ಮಳೆನ ಇಂಚು, ಸೆಂಟ್ಸಲ್ಲೇ ಮಾತಾಡೋದು, ಸೆಂಟ್ ಅಂದ್ರೆ ಇಂಚಿನ ನೂರನೇ ಒಂದು ಭಾಗ, ಅಕ್ಕಪಕ್ಕದ ತೋಟದಲ್ಲೇ ಇಪ್ಪತ್ತು ಸೆಂಟ್ಸ್ ವ್ಯತ್ಯಾಸ ಬರುತ್ತೆ), ರೋಬಸ್ಟಾ ಆದ್ರೆ ಏಳೆಂಟು ದಿನ, ಅರೇಬಿಕಾ ಒಂಬತ್ತು ಹತ್ತು ದಿನಕ್ಕೆ ಹೂ ಬಿಡುತ್ತೆ, ಅರಳಿದ್ಮೇಲೆ ಎರಡು ಮೂರು ದಿನ ಅಷ್ಟೇ, ಆಮೇಲೆ ಕಂದು ತಿರುಗುತ್ತೆ. ಹಾಗಾಗಿ ಮುಂದಿನ ಭಾನುವಾರ ಹೋಗೋಣ ಅಂತ ಇಟ್ಕೊಂಡ್ರೆ ಹೂವೇ ಇರಲ್ಲ ಮಾರಾಯ್ರೆ. ಸ್ಪ್ರಿಂಕ್ಲರ್ ಹಾಕಿರೋ ತೋಟಗಳಲ್ಲಿ ಮಳೆಗಿಂತ ಮುಂಚೆನೇ ಅರಳಿರುತ್ತೆ, ಅದನ್ನ ಕೇಳ್ಕೊಂಡೇ ಹೊರಡಿ.

ರಸ್ತೆ ಅಂದ್ರೆ, ಹೊಸಬರಿಗೆ ಕುಶಾಲನಗರದಿಂದ ಹಾರಂಗಿ ಕಡೆ ಒಳ್ಳೇದು, ಹೆಚ್ಚುಕಮ್ಮಿ 9 ಕಿಲೋಮೀಟರ್, ಏರು ಜಾಸ್ತಿ ಇಲ್ಲ. ಹೂವೇ ನೋಡ್ಬೇಕು ಅಂದ್ರೆ ಸಿದ್ದಾಪುರ, ಪಾಲಿಬೆಟ್ಟ, ಗೋಣಿಕೊಪ್ಪ ಕಡೆ ಹೋಗ್ಬೇಕು, ರಸ್ತೆ ಎರಡೂ ಕಡೆ ಬಿಳಿ, ವಾಸನೆಗೇ ತಲೆ ತಿರುಗುತ್ತೆ. ಆದ್ರೆ ಅದೇ ಕಡೆ ಆನೆನೂ ಜಾಸ್ತಿ, ಈ ಟೈಮಲ್ಲಿ ನೀರಿಗೆ, ಹಲಸಿಗೆ ತೋಟದೊಳಗೇ ಓಡಾಡ್ತಿರ್ತಾವೆ. ಬೆಂಗಳೂರು ಕಡೆಯವರ ತರ ಬೆಳಗಿನ ಜಾವ ಐದಕ್ಕೆ ಹೊರಡೋ ಶೋಕಿ ಇಲ್ಲಿ ಬೇಡ, ಏಳು ಗಂಟೆಗೆ ಚೆನ್ನಾಗಿ ಬೆಳಕಾದ್ಮೇಲೆ ಹೊರಟು ಸಂಜೆ ಐದರೊಳಗೆ ಮನೆ ಸೇರಿ, ಕಿವಿಗೆ ಇಯರ್‌ಫೋನ್ ಹಾಕ್ಬೇಡಿ. ಹೂವಿಗೆ ಜೇನ್ನೊಣ ಮುತ್ತಿರುತ್ತೆ, ಕಣ್ಣಿಗೆ ಕನ್ನಡಕ ಇರ್ಲಿ, ಬಾಯಿ ಬಿಟ್ಕೊಂಡು ಇಳಿಜಾರಲ್ಲಿ ಬರ್ಬೇಡಿ. ಫೋಟೋಗೆ ಅಂತ ಗೇಟು ದಾಟಿ ಒಳಗೆ ಹೋಗಿ ಹೂ ಕೀಳೋದಂತೂ ಬೇಡ್ವೇ ಬೇಡ, ಒಂದು ಗೊಂಚಲು ಹೂ ಕಿತ್ರೆ ಒಂದು ಗೊಂಚಲು ಕಾಫಿ ಹೋಯ್ತು ಅಂತ್ಲೇ.

ಇಳಿಜಾರಲ್ಲಿ ಬ್ರೇಕ್ ಒತ್ತೇ ಹಿಡ್ಕೋಬೇಡಿ, ಒತ್ತಿ ಬಿಡಿ, ಒತ್ತಿ ಬಿಡಿ. ಮಡಿಕೇರಿಯಿಂದ ಸುಂಟಿಕೊಪ್ಪ ಕಡೆ ಇಳಿಯುವಾಗ ಹಿಡ್ಕೊಂಡೇ ಬಂದ್ರೆ ರಿಮ್ ಕಾಯುತ್ತೆ, ಬ್ರೇಕ್ ಹಿಡಿಯೋದೇ ಕಮ್ಮಿ ಆಗುತ್ತೆ. ತಿರುವಿಗೆ ಮುಂಚೆನೇ ಸ್ಪೀಡ್ ಇಳಿಸಿ, ತಿರುವಿನೊಳಗಲ್ಲ.

ಇನ್ನು ಕೇಕು. ಮನೆಯಲ್ಲಿ ಪೆಟ್ಟಿಗೆ ಜೇನು ಇದ್ರೆ, ಬಾಳೆಗೊನೆ ಒಟ್ಟಿಗೇ ಹಣ್ಣಾಗಿ ಕೂತಿದ್ರೆ ಇದನ್ನೇ ಮಾಡಿ. ಚೆನ್ನಾಗಿ ಕಪ್ಪಾದ ಸಣ್ಣ ಬಾಳೆಹಣ್ಣು ಐದು ಕಿವುಚಿ, ಅದಕ್ಕೆ ಮೊಟ್ಟೆ ಎರಡು, ಎಣ್ಣೆ 90 ಎಂಎಲ್, ಜೇನು 120 ಗ್ರಾಂ, ಗಟ್ಟಿ ಡಿಕಾಕ್ಷನ್ ಎರಡು ಚಮಚ ಹಾಕಿ ಕದಡಿ. ಬೇರೆ ಪಾತ್ರೆಯಲ್ಲಿ ಮೈದಾ 200 ಗ್ರಾಂ, ಸೋಡಾ ಅರ್ಧ ಟೀ ಚಮಚ, ಬೇಕಿಂಗ್ ಪೌಡರ್ ಅರ್ಧ ಟೀ ಚಮಚ, ಚಿಟಿಕೆ ಉಪ್ಪು, ಏಲಕ್ಕಿ, ಬೇಕಿದ್ರೆ ಈ ವರ್ಷದ ಹೊಸ ಮೆಣಸು ಕುಟ್ಟಿ ಕಾಲು ಚಮಚ (ಹಾಕಿ ನೋಡಿ, ಬೇಡ ಅನ್ನಲ್ಲ), ಜರಡಿ ಹಿಡಿದು ಇದಕ್ಕೆ ಸೇರಿಸಿ ಹಿಟ್ಟು ಕಾಣದಷ್ಟು ಮಾತ್ರ ಕಲಸಿ, ಜಾಸ್ತಿ ಕಲಸಿದ್ರೆ ರಬ್ಬರ್ ಆಗುತ್ತೆ. ಸಕ್ಕರೆ ಕೇಕನ್ನ 180 ಡಿಗ್ರಿಯಲ್ಲಿ ಇಡೋರು ಇದನ್ನ 160ಕ್ಕೆ ಇಡಿ, ಜೇನು ಬೇಗ ಕಪ್ಪಾಗುತ್ತೆ. 50 ನಿಮಿಷ ಆದ್ಮೇಲೆ ಕಡ್ಡಿ ಚುಚ್ಚಿ ನೋಡಿ.

ಮಡಿಕೇರಿ ಕುಶಾಲನಗರಕ್ಕಿಂತ ಸುಮಾರು 300 ಮೀಟರ್ ಎತ್ತರ, ಗಾಳಿ ಒತ್ತಡ ಕಮ್ಮಿ, ಹಿಟ್ಟು ಬೇಗ ಉಬ್ಬಿ ಆಮೇಲೆ ಮಧ್ಯಕ್ಕೆ ಕುಸಿಯುತ್ತೆ, ಅದಕ್ಕೆ ಅಲ್ಲಿಯವರು ಬೇಕಿಂಗ್ ಪೌಡರ್ ಸ್ವಲ್ಪ ಕಮ್ಮಿ ಹಾಕಿ. ಮತ್ತೆ ಕರೆಂಟು. ಸಂಜೆ ಗುಡುಗು ಶುರುವಾದ್ರೆ ಕರೆಂಟ್ ಹೋಯ್ತು ಅಂತ್ಲೇ ಲೆಕ್ಕ, ಬೆಳಿಗ್ಗೆನೇ ಇಡಿ, ಇಲ್ಲಾಂದ್ರೆ ಕುಕ್ಕರ್: ಗ್ಯಾಸ್ಕೆಟ್ಟು, ವೆಯಿಟ್ಟು ಎರಡೂ ತೆಗೆದು, ತಳಕ್ಕೆ ಉಪ್ಪು ಹರಡಿ, ಸ್ಟ್ಯಾಂಡ್ ಇಟ್ಟು ಹತ್ತು ನಿಮಿಷ ಕಾಯಿಸಿ, ಆಮೇಲೆ ಟಿನ್ ಒಳಗಿಟ್ಟು ಸಣ್ಣ ಉರಿಯಲ್ಲಿ ಒಂದು ಗಂಟೆ ಹತ್ತಿರ. ನೀರು ಹಾಕ್ಬೇಡಿ.

ಕೈಕೆಲಸಕ್ಕೆ ಸಿಲ್ವರ್ (ತೋಟದಲ್ಲಿ ನೆರಳಿಗೆ ಬೆಳೆಸೋ ಸಿಲ್ವರ್ ಓಕ್ ಮರ) ಎಲೆ ಸುಲಭ, ಮರದಡಿ ಉದುರಿದ್ದನ್ನ ನ್ಯೂಸ್‌ಪೇಪರ್ ಮಧ್ಯೆ ಇಟ್ಟು ಮೇಲೆ ಭಾರ ಹೇರಿದ್ರೆ ವಾರಕ್ಕೆ ಫ್ರೇಮ್ ಹಾಕೋ ಹಾಗೆ ಆಗುತ್ತೆ, ಬೆಳ್ಳಿ ಬಣ್ಣದ ಹಿಂಬದಿ ಮುಂದಕ್ಕೆ ಬರ್ಲಿ. ನನಗೆ ಇಷ್ಟ ಅಂದ್ರೆ ಕಾಫಿ ಕಟ್ಟಿಗೆ. ಗಿಡ ಕತ್ತರಿಸಿದಾಗ ಬಿದ್ದಿರೋ ರೋಬಸ್ಟಾ ಕೊಂಬೆ ಹೆಬ್ಬೆರಳು ಗಾತ್ರದ್ದು ಆರಿಸಿ, ಕವಲು ಇದ್ರೆ ಕೀ ತೂಗುಹಾಕೋ ಸ್ಟ್ಯಾಂಡ್ ಆಗುತ್ತೆ. ಅರೇಬಿಕಾ ಆದ್ರೆ ಹುಷಾರು, ಕಾಂಡದ ಮೇಲೆ ಉಬ್ಬಿದ ಗೆರೆ, ತೂತು ಇದ್ರೆ ಅದು ಕಾಂಡಕೊರಕ ಇರೋ ಗಿಡ, ಏಪ್ರಿಲ್ ಮೇ ಅಂದ್ರೆ ಹುಳ ಹೊರಗೆ ಹಾರೋ ಟೈಮು, ಅಂಥದ್ದನ್ನ ಮನೆಗೆ ತಂದಿಡ್ಬೇಡಿ, ಸುಟ್ಟೇ ಬಿಡಿ. ಒಳ್ಳೇ ಕೊಂಬೆಯ ಎರಡೂ ತುದಿಗೆ ಮೇಣನೋ ಪೇಂಟೋ ಹಚ್ಚಿ ನೆರಳಲ್ಲಿ ಒಣಗಿಸಿ, ಕಣದ ಬಿಸಿಲಿಗೆ ಹಾಕಿದ್ರೆ ಸೀಳುತ್ತೆ. ಎರಡು ತಿಂಗಳಾದ್ರೂ ಬೇಕು, ಹಾಗಾಗಿ ಮಾರ್ಚಲ್ಲಿ ಇಟ್ರೆ ಮಳೆಗಾಲ ಶುರುವಾಗೋ ಹೊತ್ತಿಗೆ ಉಜ್ಜೋಕೆ ರೆಡಿ. ಸ್ಯಾಂಡ್ ಪೇಪರ್ 80, 120, ಕೊನೆಗೆ 220, ಆಮೇಲೆ ಅಗಸೆ ಎಣ್ಣೆ ತೆಳ್ಳಗೆ. ಕೊಬ್ಬರಿ ಎಣ್ಣೆ ಬೇಡ, ಒಣಗಲ್ಲ, ವಾಸನೆ ಬರುತ್ತೆ. ಅಗಸೆ ಎಣ್ಣೆ ಒರೆಸಿದ ಬಟ್ಟೆನ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ, ತಾನಾಗೇ ಕಾದು ಬೆಂಕಿ ಹತ್ಕೊಳ್ಳುತ್ತೆ, ನೀರಲ್ಲಿ ಅದ್ದಿ ಹೊರಗಡೆ ಹರಡಿ ಒಣಗಿಸಿ ಆಮೇಲೆ ಬಿಸಾಕಿ.