ರಜೆಯ ಪಟ್ಟಿಯನ್ನು ಸಿಪಾಯಿಗಳ ಕೈಗೇ ಕೊಟ್ಟೆ: ನನ್ನ ಅನುಭವ

ಸೇನೆಯ ಕಂಪನಿಯಲ್ಲಿ, ಅಂದರೆ ನೂರರ ಆಸುಪಾಸು ಜನರ ತುಕಡಿಯಲ್ಲಿ, ಸೀನಿಯರ್ ಜೆ.ಸಿ.ಓ. (ಸಿಪಾಯಿಗಳಿಗೂ ಅಧಿಕಾರಿಗಳಿಗೂ ನಡುವಿನ ದರ್ಜೆ) ಆಗಿ ದುಡಿದವರಿಗೆ ನಾನು ಹೇಳಬೇಕಾಗಿಲ್ಲ, ಸಿಪಾಯಿಗಳು ನಮ್ಮನ್ನು ತೂಗಿ ನೋಡುವುದು ರಜೆಯ ರಿಜಿಸ್ಟರಿನಲ್ಲಿ. ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುಯಲ್ ರಜೆ ಎಂಬುದು ಎಲ್ಲರಿಗೂ ಬಾಯಿಪಾಠ. ಅದು ಯಾವಾಗ, ಯಾರ ಮರ್ಜಿಯಿಂದ ಸಿಗುತ್ತದೆ ಎಂಬಲ್ಲಿ ಮುನಿಸು ಹುಟ್ಟುತ್ತದೆ. ಕಾರ್ಗಿಲ್ ಯುದ್ಧ ಮುಗಿದು ಕೆಲವು ವರ್ಷಗಳಾದ ಮೇಲೆ ನಮ್ಮ ಕಂಪನಿ ಲಡಾಖಿನಲ್ಲಿದ್ದಾಗ, ನಾನು ಪಟ್ಟಿ ಬರೆಯುವುದನ್ನೇ ನಿಲ್ಲಿಸಿ, ಅವರೇ ಬರೆದುಕೊಳ್ಳಲಿ ಎಂದೆ. ‘ಸಾಹೇಬ್, ಇದು ಪಲ್ಟನ್, ಪಂಚಾಯಿತಿ ಕಟ್ಟೆಯಲ್ಲ’ ಎಂದು ಹವಾಲ್ದಾರರು ನಕ್ಕರು. ಕಂಪನಿ ಕಮಾಂಡರ್ ಒಂದು ಚಳಿಗಾಲದ ಮಟ್ಟಿಗೆ ಎಂದು ಒಪ್ಪಿದರು.

ಲಂಗರಿನ, ಅಂದರೆ ನಮ್ಮ ಅಡುಗೆಮನೆಯ, ಗೋಡೆಗೆ ಪ್ಲೈವುಡ್ ಹಲಗೆ ಹೊಡೆಸಿ, ಮೇಲೆ ತಿಂಗಳುಗಳನ್ನೂ ಎಡಕ್ಕೆ ಸೆಕ್ಷನ್‌ಗಳನ್ನೂ (ಹತ್ತು ಜನರ ಗುಂಪುಗಳು) ಬರೆಸಿದೆ. ಒಂದು ಸೆಕ್ಷನ್ನಿನಿಂದ ಒಮ್ಮೆಗೆ ಮೂವರಿಗಿಂತ ಹೆಚ್ಚು ಮಂದಿ ಹೊರಗಿರಕೂಡದು ಎಂಬುದೊಂದೇ ನಾನು ಹಾಕಿದ ಕಟ್ಟಳೆ.

ಮೊದಲ ಚಳಿಗಾಲ ಲೆಕ್ಕವೆಲ್ಲ ತಲೆಕೆಳಗಾಯಿತು. ಶ್ರೀನಗರದ ರಸ್ತೆಯ ಜೋಜಿ ಲಾ ಕಣಿವೆದಾರಿ ಹಿಮದಿಂದ ಮುಚ್ಚಿದ ಮೇಲೆ ಲೇಹ್‌ನಿಂದ ಚಂಡೀಗಢಕ್ಕೆ ವಿಮಾನವೊಂದೇ ಗತಿಯಾಗಿತ್ತು. ಮೋಡ ಕವಿದರೆ ಟ್ರಾನ್ಸಿಟ್ ಕ್ಯಾಂಪಿನಲ್ಲೇ ವಾರ ಕಳೆಯಬೇಕು. ದೆಹಲಿಯ ನಿಜಾಮುದ್ದೀನ್‌ನಲ್ಲಿ ಗೋವಾ ಎಕ್ಸ್‌ಪ್ರೆಸ್ ಹಿಡಿದು ಬೆಳಗಾವಿ ಮುಟ್ಟಿ ಹಿಂದಿರುಗಿದವನು ಬೆಟ್ಟದ ಮೇಲಿನ ಕಾವಲು ಪೋಸ್ಟಿಗೆ ಹತ್ತುವ ಮೊದಲು ಎತ್ತರದ ಹವೆಗೆ ಮತ್ತೆ ಒಗ್ಗಿಕೊಳ್ಳಬೇಕು. ಕಾಗದದ ಮೇಲಿನ 30 ದಿನ ಪೋಸ್ಟಿನ ಪಾಲಿಗೆ ಸುಮಾರು 45 ದಿನವಾಗುತ್ತಿತ್ತು. ಜನವರಿಯ ಹೊತ್ತಿಗೆ ಸೆಕ್ಷನ್ನಿನಲ್ಲಿ ಏಳು ಮಂದಿ ಇರಬೇಕಾದಲ್ಲಿ ಐವರು ಉಳಿದು, ರಾತ್ರಿ ಪಹರೆ ದುಪ್ಪಟ್ಟಾಯಿತು. ಮರುವರ್ಷ ಹಲಗೆಯ ಮೇಲೆ ರಜೆಯ ದಿನಗಳ ಬದಲು ಪೋಸ್ಟಿನಿಂದ ಹೊರಗಿರುವ ದಿನಗಳನ್ನು ಬರೆಸತೊಡಗಿದ ಮೇಲೆ ಲೆಕ್ಕ ಕೂಡಿತು.

ಆಮೇಲೆ ವ್ಯಾಪಾರ ಶುರುವಾಯಿತು. ದೀಪಾವಳಿಯ ಸರದಿಯೊಂದು ಎರಡು ಸಾವಿರ ರೂಪಾಯಿ ಮತ್ತು ಕೆಲವು ದಿನದ ರಮ್ ಪಡಿತರಕ್ಕೆ ಮಾರಾಟವಾದದ್ದು ನನ್ನ ಕಿವಿಗೆ ಬಿತ್ತು. ಅದಲುಬದಲನ್ನು ನಿಷೇಧಿಸುವ ಬದಲು, ಇಬ್ಬರೂ ರೋಲ್‌ಕಾಲಿನಲ್ಲಿ ಕಾರಣ ಹೇಳಿ ಹಲಗೆಯ ಮೇಲೆ ಸಹಿ ಹಾಕಬೇಕೆಂದೆ. ನಾಲ್ಕು ಜನರೆದುರು ಕಾರಣ ಹೇಳುವಾಗ ದುಡ್ಡಿನ ಮಾತಿಗೆ ಯಾರಿಗೂ ಬಾಯಿ ಬರಲಿಲ್ಲ.

ದಾರಿಖರ್ಚಿನ ಕಥೆ ಬೇರೆ. ರೈಲು ಟಿಕೆಟ್ಟಿಗೆ ಸರ್ಕಾರದ ವಾರಂಟ್ ಇದ್ದರೂ ಕೈಯಲ್ಲಿ ಕಾಸಿಲ್ಲದೆ ಹುಡುಗರು ತಿಂಗಳಿಗೆ ನೂರಕ್ಕೆ ಐದರ ಬಡ್ಡಿಗೆ ಒಬ್ಬರಿಂದೊಬ್ಬರು ಸಾಲ ಮಾಡುತ್ತಿದ್ದರು. ತಲೆಗೆ ತಿಂಗಳಿಗೆ 50 ರೂಪಾಯಿಯಂತೆ ಕೂಡಿಸಿದಾಗ ವರ್ಷಕ್ಕೆ ಅರವತ್ತು ಸಾವಿರದ ಆಸುಪಾಸು ಆಯಿತು. ಅದರಿಂದ ಬಡ್ಡಿಯಿಲ್ಲದೆ ಕೊಟ್ಟು, ಮುಂದಿನ ಸಂಬಳದಲ್ಲಿ ವಾಪಸು ಪಡೆಯುತ್ತಿದ್ದೆವು. ಕೆಲವರು ಬಾಕಿ ಉಳಿಸಿಯೇ ಬೇರೆಡೆ ಪೋಸ್ಟಿಂಗ್ ಹೋದದ್ದರಿಂದ ಒಂಬತ್ತು ಸಾವಿರದಷ್ಟು ಮುಳುಗಿತು. ಸೆಕ್ಷನ್ ಕಮಾಂಡರ್ ಜಾಮೀನು ಹಾಕಬೇಕೆಂದು ಮಾಡಿ, ಹಣವನ್ನು ಆಡಿಟ್ ಆಗುವ ಕಂಪನಿ ಲೆಕ್ಕಕ್ಕೆ ಸೇರಿಸಿದ ಮೇಲೆ ಬಾಕಿ ನಿಂತಿತು.

ಪಟ್ಟಿಯ ಚರ್ಚೆಯಲ್ಲಿ ಹಿರಿಯರ ಬಾಯಿಯೇ ಜೋರಾಗಿದ್ದರಿಂದ, ಸೇನಾ ನ್ಯಾಯಾಲಯವಾದ ಕೋರ್ಟ್ ಮಾರ್ಷಲ್‌ನಲ್ಲಿ ಕಿರಿಯ ಸದಸ್ಯನ ಅಭಿಪ್ರಾಯವನ್ನು ಮೊದಲು ಕೇಳುವಂತೆ ಇಲ್ಲಿಯೂ ಕಿರಿಯನಿಂದ ಆರಂಭಿಸಿದೆ. ಅದನ್ನೇ ಪೋಸ್ಟಿನ ಸಂಜೆಯ ಮಾತುಕತೆಗೂ ಹಚ್ಚಿ ನೋಡಿದಾಗ, ಇಪ್ಪತ್ತು ದಾಟದ ಹುಡುಗನೊಬ್ಬ, ಬುಖಾರಿಯ (ಬಂಕರ್ ಬೆಚ್ಚಗಿಡುವ ಒಲೆ) ಹೊಗೆಕೊಳವೆಯ ಬಾಯಿಗೆ ರಾತ್ರಿ ಹಿಮ ಕಟ್ಟಿಕೊಳ್ಳುತ್ತಿದೆ ಎಂದ. ಮುಚ್ಚಿದ ಬಂಕರಿನಲ್ಲಿ ಆ ಹೊಗೆ ಮಲಗಿದವರ ಜೀವವನ್ನೇ ತೆಗೆಯಬಲ್ಲದೆಂದು ತಿಳಿದಿದ್ದ ಹವಾಲ್ದಾರರು ಅಂದಿನಿಂದ ನಗುವುದನ್ನು ಬಿಟ್ಟರು. ಇದೇ ಉಪಾಯವನ್ನು ಲಂಗರಿನ ಅಡುಗೆಗೂ ಅನ್ವಯಿಸಲು ಹೋಗಿ ಅನ್ನ-ಚಪಾತಿಯ ಜಗಳದಲ್ಲಿ ವಾರದೊಳಗೆ ಕೈಬಿಟ್ಟೆ.

ಮೊದಲು ವರ್ಷಕ್ಕೆ ಏಳೆಂಟು ಮಂದಿ ರಜೆ ಮುಗಿದರೂ ಬಾರದೆ ಊರಲ್ಲೇ ಉಳಿಯುತ್ತಿದ್ದರು. ಮೂರನೆಯ ವರ್ಷಕ್ಕೆ ಅದು ಒಂದೋ ಎರಡೋ ಪ್ರಕರಣಕ್ಕೆ ಇಳಿಯಿತು. ಪಕ್ಕದ ಕಂಪನಿಯ ಸುಬೇದಾರರು ಹಲಗೆಯ ಅಳತೆ ತೆಗೆದುಕೊಂಡು ಹೋದರು. ದೀಪಾವಳಿಯ ಸರದಿಗೆ ಚೀಟಿ ಎತ್ತುವಾಗ ಕಳೆದ ಸಲ ಸರದಿ ಸಿಗದವರಿಗೆ ಹೇಗೆ ನ್ಯಾಯ ಮಾಡುತ್ತಿದ್ದೆನೆಂಬುದನ್ನು ಮಾತ್ರ ಅವರಿಗೂ ಹೇಳಲಿಲ್ಲ, ಇಲ್ಲಿಯೂ ಬರೆಯುವುದಿಲ್ಲ. ನಿವೃತ್ತಿಯ ನಂತರ ಬೆಳಗಾವಿಯ ಕಾರ್ಖಾನೆಯೊಂದರ ಕಾವಲು ಪಡೆಗೂ ಅದೇ ಹಲಗೆ ತೂಗುಹಾಕಿದ್ದೇನೆ. ಮಾಲೀಕರಿಗೆ ಇನ್ನೂ ಅನುಮಾನವಿದೆ, ಆದರೆ ಗಣೇಶ ಚೌತಿಯಂದು ಗೇಟು ಖಾಲಿ ಬಿದ್ದಿಲ್ಲ.