ಏರ್‌ಬ್ರಷ್ ಆರಿಸೋವಾಗ ನಾಝಲ್ ನಂಬರ್‌ಗಿಂತ ಮುಂಚೆ ನಾನು ನೋಡೋದು

ಸ್ಕೇಲ್ ಮಾಡೆಲ್‌ಗೆ (ವಿಮಾನ, ಟ್ಯಾಂಕ್‌ಗಳ ಪುಟ್ಟ ಪ್ಲಾಸ್ಟಿಕ್ ಮಾದರಿ) ಗಾಳಿಯಿಂದ ಪೇಂಟ್ ಸಿಂಪಡಿಸೋ ಏರ್‌ಬ್ರಷ್ ತಗೋಬೇಕು ಅಂತ ಹೊರಟೋರೆಲ್ಲ ಮೊದಲು ಕೇಳೋದು ಒಂದೇ, ನಾಝಲ್, ಅಂದ್ರೆ ಪೇಂಟ್ ಹೊರಗೆ ಬರೋ ತುದಿ, 0.2 ತಗೊಳ್ಲಾ 0.3 ತಗೊಳ್ಲಾ ಅಂತ. ನಾನು ತಿರುಗಿ ಕೇಳೋದು ಬೇರೆ. ಗಾಳಿ ಕೊಡೋ ಕಂಪ್ರೆಸರ್ ಯಾವ್ದಿದೆ, ಯಾವ ಪೇಂಟ್ ಹೊಡೀತೀರ, ನಾಝಲ್ ಹೋದ್ರೆ ಇನ್ನೊಂದು ಎಲ್ಲಿಂದ ತರಿಸ್ತೀರ. ಈ ಮೂರಕ್ಕೆ ಉತ್ತರ ಸಿಕ್ಕಿದ್ರೆ ನಂಬರ್ ತಾನಾಗೇ ಬರತ್ತೆ, ಸಿಗಲಿಲ್ಲ ಅಂದ್ರೆ ಎಷ್ಟು ದುಡ್ಡು ಕೊಟ್ಟು ತಂದ್ರೂ ಅದು ಡಬ್ಬಿಯಲ್ಲೇ ಕೂತಿರತ್ತೆ.

0.3 ಅಂದ್ರೆ ನಾಝಲ್ ತೂತಿನ ಅಳತೆ ಮಿಲಿಮೀಟರ್‌ನಲ್ಲಿ, ಅಷ್ಟೇ. ಅದರಿಂದ 0.3 ಮಿ.ಮೀ. ಗೆರೆ ಬರತ್ತೆ ಅಂತ ಅರ್ಥ ಅಲ್ಲ. ಗೆರೆ ಎಷ್ಟು ಸಣ್ಣ ಅನ್ನೋದು ಬ್ರಷ್ ಪ್ಲಾಸ್ಟಿಕ್‌ನಿಂದ ಎಷ್ಟು ದೂರ ಇದೆ, ಟ್ರಿಗರ್ ಎಷ್ಟು ಎಳೆದ್ರಿ, ಪೇಂಟ್ ಎಷ್ಟು ತೆಳ್ಳಗಿದೆ, ಪ್ರೆಶರ್ ಎಷ್ಟಿದೆ ಇವೆಲ್ಲದರ ಮೇಲೆ ನಿಂತಿರತ್ತೆ. ಹಾಲಿನಷ್ಟು ತೆಳ್ಳಗಿರಬೇಕು ಅಂತ ಎಲ್ಲರೂ ಹೇಳ್ತಾರೆ, ಸಣ್ಣ ಗೆರೆಗೆ ಅದೂ ಗಟ್ಟಿನೇ, ಇನ್ನೂ ತೆಳ್ಳಗೆ ಮಾಡಿ ಪ್ರೆಶರ್ ಇಳಿಸಬೇಕು.

ನಾನು ಹೆಚ್ಚಾಗಿ ಮಾಡೋದು 1/72 ಮತ್ತೆ 1/48 ವಿಮಾನಗಳು, ನಡುನಡುವೆ 1/35 ಟ್ಯಾಂಕ್. 1/72 ಅಂದ್ರೆ ನಿಜವಾದದ್ದರ 72ನೇ ಒಂದು ಭಾಗದಷ್ಟು ಅಳತೆ. ಇಲ್ಲಿ ಒಂದು ಲೆಕ್ಕ ಹಾಕಿದ್ರೆ ಬ್ರಷ್ ಆರಿಸೋದು ಸುಲಭ ಆಗತ್ತೆ. ನಿಜವಾದ ವಿಮಾನದ ಮೇಲೆ ಎರಡು ಬಣ್ಣ ಸೇರೋ ಕಡೆ 5 ಸೆಂ.ಮೀ. ಮಸುಕು ಇದೆ ಅಂದ್ಕೊಳ್ಳಿ, 1/48ರಲ್ಲಿ ಅದು 1 ಮಿ.ಮೀ. ಚಿಲ್ಲರೆ, 1/72ರಲ್ಲಿ 0.7 ಮಿ.ಮೀ. ಕೂಡ ಇಲ್ಲ, 1/35 ಟ್ಯಾಂಕ್ ಆದ್ರೆ 1.4 ಮಿ.ಮೀ. ಹತ್ರ. ಅಂದ್ರೆ ಟ್ಯಾಂಕ್‌ಗೆ 0.4 ಧಾರಾಳ ಸಾಕು. ಆದ್ರೆ 1/72ರಲ್ಲಿ ಜರ್ಮನ್ ಯುದ್ಧವಿಮಾನ ಬಿಎಫ್ 109ರ ಪಕ್ಕದಲ್ಲಿರೋ ಆ ಚುಕ್ಕೆ ಚುಕ್ಕೆ ಮೋಡದಂಥ ಕ್ಯಾಮೊಫ್ಲಾಜ್ ಮಾಡೋಕೆ ಹೋದಾಗ ಮಾತ್ರ 0.2 ಇದ್ದಿದ್ರೆ ಅನ್ಸತ್ತೆ.

ಟ್ರಿಗರ್ ಲೆಕ್ಕದಲ್ಲಿ ಬ್ರಷ್ ಎರಡು ಥರ, ಸಿಂಗಲ್ ಆಕ್ಷನ್, ಡಬಲ್ ಆಕ್ಷನ್. ಸಿಂಗಲ್ ಆಕ್ಷನ್ ಬಗ್ಗೆ ಜಾಸ್ತಿ ಹೇಳಲ್ಲ. ಅದರಲ್ಲಿ ಟ್ರಿಗರ್ ಒತ್ತಿದ್ರೆ ಗಾಳಿ, ಪೇಂಟ್ ಎಷ್ಟು ಬರಬೇಕು ಅನ್ನೋದನ್ನ ಮೊದಲೇ ತಿರುಗಿಸಿ ಇಟ್ಟಿರಬೇಕು, ಬೇಸ್ ಕೋಟ್‌ಗೆ ಏನೂ ತೊಂದರೆ ಇಲ್ಲ. ಡಬಲ್ ಆಕ್ಷನ್‌ನಲ್ಲಿ ಕೆಳಗೆ ಒತ್ತಿದ್ರೆ ಗಾಳಿ, ಹಿಂದಕ್ಕೆ ಎಳೆದ್ರೆ ಪೇಂಟ್, ಬೆರಳಿಗೆ ಅಭ್ಯಾಸ ಆಗೋವರೆಗೆ ಕಷ್ಟ, ಆಮೇಲೆ ಬೇರೆ ಏನೂ ಬೇಡ ಅನ್ಸತ್ತೆ. ಪೇಂಟ್ ಹಾಕೋ ಕಪ್ ಮೇಲಿರೋದು, ಗ್ರಾವಿಟಿ ಫೀಡ್, ಅದನ್ನೇ ತಗೊಳ್ಳಿ, ಕೆಳಗೆ ಬಾಟ್ಲಿ ನೇತಾಡೋದಕ್ಕೆ ಪೇಂಟ್ ಮೇಲಕ್ಕೆ ಎಳ್ಕೊಳ್ಳೋಕೆ ಪ್ರೆಶರ್ ಜಾಸ್ತಿ ಬೇಕು, ನಮ್ಮಂಥ ಸಣ್ಣ ಕೆಲಸಕ್ಕೆ ಅದು ಉಲ್ಟಾ.

ನನ್ನ ಹತ್ರ ಇದ್ದಿದ್ದು ಮೂರು ನೀಡಲ್ (ನಾಝಲ್ ತೂತನ್ನ ಮುಚ್ಚಿ ತೆಗೆಯೋ ಒಳಗಿನ ಸೂಜಿ) ಜೊತೆ ಬರೋ ಹೆಸರಿಲ್ಲದ ಚೈನಾ ಬ್ರಷ್ ಮತ್ತೆ ಇವಾಟಾ ಎಕ್ಲಿಪ್ಸ್ ಎಚ್‌ಪಿ-ಸಿಎಸ್. ಫ್ರೆಂಡ್ಸ್ ಹತ್ರ ಹಾರ್ಡರ್ ಅಂಡ್ ಸ್ಟೀನ್‌ಬೆಕ್ ಇವಲ್ಯೂಷನ್, ಬ್ಯಾಡ್ಜರ್ ಪೇಟ್ರಿಯಟ್ 105 ಇತ್ತು, ಎಲ್ಲಾ ಒಂದೇ ಟೇಬಲ್ ಮೇಲೆ ಇಟ್ಟು ಹೋಲಿಸಿ ನೋಡಿದ್ವಿ. ಹೋಲಿಸೋದು ಅಂದ್ರೆ ಬ್ರಷ್ ಬಿಟ್ಟು ಬೇರೆ ಏನೂ ಬದಲಾಗಬಾರದು. ಟಮಿಯಾ ಎಕ್ಸ್‌ಎಫ್-1 ಕಪ್ಪು, ಅದಕ್ಕೆ ಮಿಸ್ಟರ್ ಲೆವೆಲಿಂಗ್ ಥಿನ್ನರ್, ಒಂದು ಪಾಲು ಪೇಂಟ್‌ಗೆ ಎರಡು ಪಾಲು ಥಿನ್ನರ್, ಎಲ್ಲಾ ಬ್ರಷ್‌ಗೂ ಒಂದೇ ಬಾಟ್ಲಿಯಲ್ಲಿ ಕಲಸಿದ್ದು. ಪ್ರೆಶರ್ 15 ಪಿಎಸ್‌ಐ, ಅದೂ ಟ್ರಿಗರ್ ಒತ್ತಿ ಹಿಡಿದಾಗ ಮೀಟರ್ ತೋರ್ಸೋದು. ಸುಮ್ನೆ ನಿಂತಿರೋವಾಗ ಮುಳ್ಳು ಮೇಲಿರತ್ತೆ, ಗಾಳಿ ಬಿಟ್ಟ ತಕ್ಷಣ ಇಳಿಯತ್ತೆ, ತುಂಬ ಜನ ಇದನ್ನ ನೋಡದೆ ಇನ್ನೊಬ್ಬರ ನಂಬರ್ ಹಾಕ್ಕೊಂಡು ಯಾಕೆ ಬರ್ತಿಲ್ಲ ಅಂತ ತಲೆ ಕೆಡಿಸ್ಕೋತಾರೆ. ಹೊಡೆದಿದ್ದು ಬಿಳಿ ಪ್ಲಾಸ್ಟಿಕ್ ಚಮಚಗಳ ಮೇಲೆ, ಬೇಕರಿ ಐಸ್‌ಕ್ರೀಂ ಚಮಚ. ಪೇಪರ್ ಪೇಂಟ್ ಹೀರ್ಕೊಳ್ಳತ್ತೆ, ಪ್ಲಾಸ್ಟಿಕ್ ಹೀರಲ್ಲ, ಕಿಟ್ ಮೇಲೆ ಏನಾಗತ್ತೋ ಚಮಚದ ಮೇಲೂ ಅದೇ ಆಗತ್ತೆ, ಅದಕ್ಕೆ ಪೇಪರ್ ಮೇಲೆ ಹೊಡೆದು ತೋರ್ಸೋ ರಿವ್ಯೂನ ನಾನು ಅಷ್ಟಾಗಿ ನಂಬಲ್ಲ.

ಮೊದಲು ಸಾಲಾಗಿ ಚುಕ್ಕಿ ಇಟ್ಟು ಆಮೇಲೆ ರಂಗೋಲಿ ಥರ ಅವನ್ನ ಗೆರೆಯಲ್ಲಿ ಸೇರಿಸ್ತಾ ಹೋಗೋದು, ಇದೊಂದೇ ಪರೀಕ್ಷೆ ಸಾಕು. ಚುಕ್ಕಿಯಲ್ಲಿ ಪೇಂಟ್ ಎಷ್ಟು ಮೆಲ್ಲಗೆ ಶುರುವಾಗತ್ತೆ ಅಂತ ಗೊತ್ತಾಗತ್ತೆ, ಗೆರೆಯಲ್ಲಿ ಟ್ರಿಗರ್ ಒಂದೇ ಹದದಲ್ಲಿ ನಿಲ್ಲತ್ತಾ ಅಂತ ಗೊತ್ತಾಗತ್ತೆ.

ಎಚ್‌ಪಿ-ಸಿಎಸ್ 0.35, ಆದ್ರೂ ನನ್ನ ಕೈಗೆ ಅದರಲ್ಲೇ ಗೆರೆ ಚೆನ್ನಾಗಿ ಬಂತು, ಪೇಂಟ್ ಶುರುವಾಗೋ ಜಾಗ ಬೆರಳಿಗೆ ಸ್ಪಷ್ಟ ಗೊತ್ತಾಗತ್ತೆ. ಇದರ ನಾಝಲ್‌ಗೆ ಥ್ರೆಡ್ ಇಲ್ಲ, ಸುಮ್ನೆ ಒಳಗೆ ಕೂತಿರತ್ತೆ, ಮುಂದಿನ ಕ್ಯಾಪ್ ಬಿಗಿ ಮಾಡಿದ್ರೆ ಆಯ್ತು. ಸಣ್ಣ ಸ್ಪ್ಯಾನರ್ ಹಾಕಿ ತಿರುಗಿಸೋ ನಾಝಲ್‌ಗಳಲ್ಲಿ ಆ ಥ್ರೆಡ್ ಕೂದಲಷ್ಟು ತೆಳು, ಸ್ವಲ್ಪ ಜಾಸ್ತಿ ಬಿಗಿ ಮಾಡಿದ್ರೆ ಅರ್ಧ ಒಳಗೇ ಮುರ್ಕೊಂಡು ಕೂರತ್ತೆ, ಅದನ್ನ ತೆಗೆಯೋಕೆ ಹೋದ್ರೆ ಬಾಡಿನೂ ಹೋಗತ್ತೆ. ಇವಲ್ಯೂಷನ್‌ದೂ ಸ್ಪ್ಯಾನರ್ ಬೇಡದ ನಾಝಲ್, ಕೈಯಲ್ಲೇ ಬಿಚ್ಚಬಹುದು. ಅದರ ಟೂ ಇನ್ ವನ್ ಸೆಟ್‌ನಲ್ಲಿ 0.2, 0.4 ಎರಡೂ ಇತ್ತು, ಪೇಂಟ್ ಕಪ್ ಕೂಡ 2 ಮಿ.ಲೀ. 5 ಮಿ.ಲೀ. ಎರಡು, ಒಂದೇ ಬ್ರಷ್‌ನಲ್ಲಿ ಎರಡು ಕೆಲಸ. 0.2 ಹಾಕಿದಾಗ ಚುಕ್ಕಿ ಎಲ್ಲಾದಕ್ಕಿಂತ ಸಣ್ಣ ಬಂತು, ಅದರಲ್ಲಿ ಅನುಮಾನ ಇಲ್ಲ. ಪೇಟ್ರಿಯಟ್ 0.5, ಕಪ್ ಬಾಡಿಗೇ ಸೇರ್ಕೊಂಡಿರೋದು, ಗೆರೆ ದಪ್ಪ, ಆದ್ರೆ ಮಿಸ್ಟರ್ ಸರ್ಫೇಸರ್ ಥರ ಪ್ರೈಮರ್ ಹೊಡೆಯೋಕೆ ಅಷ್ಟು ನೆಮ್ಮದಿ ಬೇರೆ ಯಾವ್ದ್ರಲ್ಲೂ ಸಿಗಲಿಲ್ಲ, ಬ್ಲಾಕ್ ಆಗೋ ಮಾತೇ ಇಲ್ಲ.

ಚೈನಾ ಬ್ರಷ್ ಕೆಟ್ಟದ್ದಲ್ಲ, ಬೇಸ್ ಕೋಟ್ ಚೆನ್ನಾಗೇ ಬರತ್ತೆ. ಅದರ ವ್ಯತ್ಯಾಸ ಕಾಣೋದು ಎರಡು ಕಡೆ. ಒಂದು, ನೀಡಲ್ ತುದಿಯ ಫಿನಿಶ್. ಅಕ್ಕಸಾಲಿಗರು ಕಣ್ಣಿಗೆ ಇಟ್ಕೊಳ್ಳೋ ಲೂಪ್‌ನಲ್ಲಿ ನೋಡಿದ್ರೆ ಉದ್ದಕ್ಕೂ ಗೀರು ಕಾಣತ್ತೆ, ಅಲ್ಲಿ ಪೇಂಟ್ ಹಿಡ್ಕೊಂಡು ಬೇಗ ಒಣಗತ್ತೆ. ನಯವಾದ ಮರಳು ಕಾಗದದಲ್ಲಿ, 2000 ನಂಬರ್ ಆಮೇಲೆ ಅದಕ್ಕಿಂತ ನಯದ್ದು, ನೀರು ಹಾಕಿ ಬೆರಳಲ್ಲಿ ತಿರುಗಿಸ್ತಾ ಮೆಲ್ಲಗೆ ಉಜ್ಜಿ, ಕೊನೆಗೆ ಮೆಟಲ್ ಪಾಲಿಶ್ ಹಾಕಿದ್ರೆ ಅರ್ಧ ಸಮಸ್ಯೆ ಹೋಗತ್ತೆ. ಇನ್ನೊಂದು ಓ-ರಿಂಗ್, ಸೋರದ ಹಾಗೆ ತಡೆಯೋ ಸಣ್ಣ ಬಳೆ. ಅಗ್ಗದ್ರಲ್ಲಿ ಸಾಮಾನ್ಯವಾಗಿ ರಬ್ಬರ್ ಇರತ್ತೆ, ಲ್ಯಾಕರ್ ಥಿನ್ನರ್ ತಾಗಿ ತಾಗಿ ಅದು ಊದ್ಕೊಳ್ಳತ್ತೆ, ಟ್ರಿಗರ್ ಬಿಗಿಯಾಗತ್ತೆ, ಒಂದಿನ ಪೇಂಟ್ ಹಿಂದಿನ ಹ್ಯಾಂಡಲ್ ಕಡೆಯಿಂದ ಸೋರತ್ತೆ. ನಮ್ಮಲ್ಲಿ ಹಾರ್ಡ್‌ವೇರ್ ಅಂಗಡಿ ಎನ್‌ಸಿ ಥಿನ್ನರ್‌ನಲ್ಲೇ ಬ್ರಷ್ ತೊಳೆಯೋರು ಜಾಸ್ತಿ, ಹಾಗಾಗಿ ನೀಡಲ್ ಹಾದುಹೋಗೋ ಕಡೆ ಟೆಫ್ಲಾನ್ ಸೀಲ್ ಇದೆಯಾ ಅಂತ ಕೇಳಿನೇ ತಗೊಳ್ಳಿ. ಹೊಸ ಬ್ರಷ್‌ನಲ್ಲಿ ಇದನ್ನ ವಿಚಾರಿಸೋರು ಕಮ್ಮಿ, ನಾಝಲ್ ಸೈಜ್ ಮಾತ್ರ ಎಲ್ಲರೂ ಕೇಳ್ತಾರೆ.

ಪೇಂಟ್ ವಿಷ್ಯಕ್ಕೆ ಬಂದ್ರೆ, 0.2 ಯಾರಿಗೆ ಬೇಡ ಅನ್ನೋದು ಇಲ್ಲೇ ತೀರ್ಮಾನ ಆಗತ್ತೆ. ಲ್ಯಾಕರ್ (ನೀರಲ್ಲ, ಥಿನ್ನರ್‌ನಲ್ಲಿ ಕರಗೋ ಪೇಂಟ್) ಹೊಡೆಯೋರಿಗೆ, ಮಿಸ್ಟರ್ ಕಲರ್ ಥರದ್ದು, ಅಥ್ವಾ ಅಲ್‌ಕ್ಲಾಡ್ ಥರ ಮೆಟಾಲಿಕ್ ಹೊಡೆಯೋರಿಗೆ 0.2 ಹಬ್ಬ. ನೀರಿನ ಅಕ್ರಿಲಿಕ್, ವಾಯೆಹೊ ಥರದ್ದು, ಅದು ನೀಡಲ್ ತುದಿಯಲ್ಲೇ ಒಣಗಿ ಕೂರತ್ತೆ, ಏಪ್ರಿಲ್ ತಿಂಗಳ ಕಲಬುರಗಿ ಬಿಸಿಲಲ್ಲಿ ಕೇಳೋದೇ ಬೇಡ. ಅಂಥೋರು 0.4ಕ್ಕೆ ಹೋಗಿ, ಪೇಂಟ್ ಸರಾಗ ಹರಿಯೋ ಹಾಗೆ ಮಾಡೋ ಫ್ಲೋ ಇಂಪ್ರೂವರ್ ಎರಡು ತೊಟ್ಟು ಹಾಕಿ, ಪ್ರೆಶರ್ ಸ್ವಲ್ಪ ಏರಿಸಿ 20 ಹತ್ರ ಇಟ್ಕೊಳ್ಳಿ, ಪಕ್ಕದಲ್ಲಿ ಒದ್ದೆ ಇಯರ್‌ಬಡ್ ಇಟ್ಕೊಂಡು ಆಗಾಗ ತುದಿ ಒರೆಸ್ತಾ ಇರಿ.

ಈಗ ದುಡ್ಡಿನ ಮಾತು. ಒಟ್ಟು ಬಜೆಟ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಕಂಪ್ರೆಸರ್‌ಗೆ ಹೋಗ್ಲಿ ಅಂತೀನಿ ನಾನು. ಬ್ರಷ್ ಆಮೇಲೆ ಬದಲಾಯಿಸಬಹುದು, ಗಾಳಿ ತುಂಬಿಡೋ ಟ್ಯಾಂಕ್ ಇಲ್ಲದ ಕಂಪ್ರೆಸರ್‌ನಲ್ಲಿ ಪಿಸ್ಟನ್ ಹೊಡೆತ ಗೆರೆಯಲ್ಲಿ ತಡ್ಕೊಂಡು ತಡ್ಕೊಂಡು ಬರತ್ತೆ, ಇವಾಟಾ ಹಾಕಿದ್ರೂ ಅಷ್ಟೇ. 3 ಲೀಟರ್ ಟ್ಯಾಂಕ್ ಇರೋ ಎಎಸ್-186 ಮಾದರಿ ಎಲ್ಲಾ ಕಡೆ ಸಿಗತ್ತೆ, 3 ಬಾರ್‌ಗೆ ಇಳಿದಾಗ ಆನ್ ಆಗಿ 4 ಬಾರ್‌ಗೆ ಆಫ್ ಆಗತ್ತೆ, ಆಯಿಲ್ ಹಾಕೋ ರಗಳೆ ಇಲ್ಲ. ಹಳೇ ಫ್ರಿಜ್ ಕಂಪ್ರೆಸರ್‌ನಲ್ಲಿ ಮನೇಲೇ ಮಾಡ್ಕೊಳ್ಳೋರೂ ಇದ್ದಾರೆ, ಸದ್ದೇ ಇರಲ್ಲ, ರಾತ್ರಿ ಮಕ್ಕಳು ಮಲಗಿದ್ಮೇಲೆ ಕೂತ್ಕೊಳ್ಳೋರಿಗೆ ಅದೇ ದೊಡ್ಡದು, ಆದ್ರೆ ಗಾಳಿ ಜೊತೆ ಎಣ್ಣೆ ಬರತ್ತೆ, ಒಳ್ಳೇ ಫಿಲ್ಟರ್ ಹಾಕದೆ ಬಳಸಬೇಡಿ, ಸೇಫ್ಟಿ ವಾಲ್ವ್ ಇಲ್ಲದೆ ಅಂತೂ ಬೇಡವೇ ಬೇಡ.

ಮಂಗಳೂರು ಉಡುಪಿ ಕಡೆಯೋರು ನೀರಿನ ಟ್ರಾಪ್ (ಗಾಳಿಯಲ್ಲಿರೋ ನೀರು ಹಿಡಿಯೋ ಭಾಗ) ಬಗ್ಗೆ ಇನ್ನೂ ಹುಷಾರಾಗಿರಬೇಕು. ಗಾಳಿನ 4 ಬಾರ್‌ಗೆ ಒತ್ತಿದಾಗ ಅದರಲ್ಲಿರೋ ಆವಿನೂ ಒಟ್ಟಿಗೇ ಒತ್ತಲ್ಪಡತ್ತೆ, ಬಿಸಿ ಇರೋವರೆಗೆ ಆವಿಯಾಗೇ ಇರತ್ತೆ, ಪೈಪ್‌ನಲ್ಲಿ ಬರ್ತಾ ತಣ್ಣಗಾದಾಗ ನೀರಾಗತ್ತೆ. ಕಂಪ್ರೆಸರ್ ಬಾಯಲ್ಲೇ ಇರೋ ಟ್ರಾಪ್ ಹತ್ರ ಗಾಳಿ ಇನ್ನೂ ಬೆಚ್ಚಗಿರತ್ತೆ, ಅದನ್ನ ದಾಟಿ ಬಂದು ಮುಂದೆ ನೀರಾಗತ್ತೆ, ಹೊಳೆಯೋ ಕೋಟ್ ಮಧ್ಯೆ ಒಂದು ಹನಿ ಉದುರತ್ತೆ. ಬ್ರಷ್‌ನ ಬುಡಕ್ಕೇ ಹಾಕೋ ಸಣ್ಣ ಫಿಲ್ಟರ್ ಸಿಗತ್ತೆ, ಅದನ್ನೂ ಒಂದು ಹಾಕ್ಕೊಳ್ಳಿ, ಪೈಪ್ ಕೂಡ ಸ್ವಲ್ಪ ಉದ್ದ ಇರ್ಲಿ. ಟ್ಯಾಂಕ್ ಕೆಳಗಿನ ಸ್ಕ್ರೂ ತಿರುಗಿಸಿ ನೀರು ಬಿಡೋದು ಮರೀಬೇಡಿ.

ಪೈಪ್ ಅಂದಾಗ ನೆನಪಾಯ್ತು, ಬ್ರಷ್‌ಗೆ ಪೈಪ್ ಸೇರಿಸೋ ಥ್ರೆಡ್. ಇವಾಟಾ, ಮಿಸ್ಟರ್ ಹಾಬಿ, ಚೈನಾದವು ಹೆಚ್ಚಾಗಿ 1/8 ಇಂಚಿನ ಥ್ರೆಡ್, ಬ್ಯಾಡ್ಜರ್‌ದು, ಪಾಶ್‌ದು ಅವರವರದೇ. ಅಡಾಪ್ಟರ್ ಜೊತೆಗೇ ತರಿಸ್ಕೊಳ್ಳಿ, ಇಲ್ಲಾಂದ್ರೆ ಬ್ರಷ್ ಬಂದು ಕೈಯಲ್ಲಿದ್ರೂ ಸುಮ್ನೆ ನೋಡ್ತಾ ಕೂರಬೇಕು.

ಮಾಸ್ಕ್ ಬಗ್ಗೆ ಒಂದೇ ಮಾತು, ಎನ್95 ಧೂಳು ತಡೆಯತ್ತೆ, ಥಿನ್ನರ್ ಆವಿ ತಡೆಯಲ್ಲ. ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರೋ ರೆಸ್ಪಿರೇಟರ್ ಬೇಕು, ಕಿಟಕಿ ತೆಗೆದಿರಬೇಕು, ಪಕ್ಕದ ಅಡುಗೆಮನೇಲಿ ಸ್ಟವ್ ಉರೀತಿರಬಾರದು.

ಸ್ಪೇರ್ ಮಾತು ಕೊನೆಗೆ ಇಟ್ಕೊಂಡೆ, ನನ್ನ ಮಟ್ಟಿಗೆ ಇದೇ ಮುಖ್ಯ. ನಾಝಲ್ ಮೆತ್ತನೆ ಲೋಹ, ನೀಡಲ್ ಗಟ್ಟಿ, ನೀಡಲ್‌ನ ಜೋರಾಗಿ ಮುಂದಕ್ಕೆ ತಳ್ಳಿದ್ರೆ ನಾಝಲ್ ತುದಿ ಅಗಲ ಆಗತ್ತೆ ಅಥ್ವಾ ಸೀಳತ್ತೆ. ಕಪ್‌ನಲ್ಲಿ ಗುಳ್ಳೆ ಏಳ್ತಿದೆ ಅಂದ್ರೆ ಗಾಳಿ ಹಿಂದಕ್ಕೆ ಬರ್ತಿದೆ ಅಂತ, ಒಂದೋ ನಾಝಲ್ ಕಟ್ಟಿದೆ, ಇಲ್ಲಾ ಸರಿಯಾಗಿ ಕೂತಿಲ್ಲ, ಇಲ್ಲಾ ಸೀಳಿದೆ. ಎಷ್ಟೇ ಜೋಪಾನ ಮಾಡಿದ್ರೂ ನಾಝಲ್ ಸವೆಯೋ ವಸ್ತುನೇ. ಹೊರದೇಶದಿಂದ ಒಂದು ಸಣ್ಣ ನಾಝಲ್ ತರಿಸಿದ್ರೆ ಕೊರಿಯರ್, ಕಸ್ಟಮ್ಸ್ ಸೇರಿ ಎಲ್ಲಿಗೋ ಹೋಗತ್ತೆ, ಹಾಗಾಗಿ ಬ್ರಷ್ ಆರ್ಡರ್ ಮಾಡೋವಾಗ್ಲೇ ಒಂದು ನಾಝಲ್ ಒಂದು ನೀಡಲ್ ಜಾಸ್ತಿ ಹಾಕಿಸ್ಕೊಂಡೆ. ಬ್ರಷ್ ಹೆಸರು ಹುಡುಕೋಕೆ ಮುಂಚೆ ಅದರ ನಾಝಲ್‌ನ ಪಾರ್ಟ್ ನಂಬರ್ ಹಾಕಿ ಇಂಡಿಯಾದಲ್ಲಿ ಸ್ಟಾಕ್ ಇದೆಯಾ ಅಂತ ಹುಡುಕಿ, ಇಲ್ಲ ಅಂದ್ರೆ ಆ ಬ್ರಷ್ ಎಷ್ಟೇ ಚೆನ್ನಾಗಿದ್ರೂ ನಾನು ಮುಂದಿನದಕ್ಕೆ ಹೋಗ್ತೀನಿ.

ಸೆಕೆಂಡ್ ಹ್ಯಾಂಡ್ ತಗೊಳ್ಳೋದ್ರಲ್ಲಿ ತಪ್ಪೇನಿಲ್ಲ. ನೀಡಲ್ ತೆಗೆದು ತುದಿನ ಟಿಶ್ಯೂ ಮೇಲೆ ಹಿಂದಕ್ಕೆ ಎಳೀರಿ, ಎಳೆ ಸಿಕ್ಕಿಹಾಕ್ಕೊಂಡ್ರೆ ತುದಿ ಬಗ್ಗಿದೆ. ಲೂಪ್‌ನಲ್ಲಿ ನಾಝಲ್ ತೂತು ನೋಡಿ, ದುಂಡಗಿರಬೇಕು. ಸೋಪ್ ನೀರು ಜಾಯಿಂಟ್‌ಗಳಿಗೆ ಸವರಿ ಗಾಳಿ ಬಿಡಿ, ಗುಳ್ಳೆ ಎಲ್ಲಿ ಬರತ್ತೆ ನೋಡಿ. ನೀಡಲ್ ಹೊರಗೆ ತೆಗೆದು ತೋರ್ಸೋಕೆ ಮಾರೋರು ಹಿಂದೆ ಮುಂದೆ ನೋಡಿದ್ರೆ ನಾನು ರೇಟ್ ಮಾತಾಡೋಕೂ ಹೋಗಲ್ಲ.